ಕೇಳುವ ಕಿವಿಗೂ ಪಾಳಿ ಬೇಕು

2021ರ ಏಪ್ರಿಲ್ ಕೊನೆಯ ವಾರ, ಕೋವಿಡ್ಡಿನ ಎರಡನೇ ಅಲೆ. ಬೆಂಗಳೂರಿನಲ್ಲಿ ಆಪ್ತಸಮಾಲೋಚಕಿಯಾಗಿರುವ ನನ್ನ ಗೆಳತಿಯೊಬ್ಬಳು ಸಹಾಯವಾಣಿಯ ಕರೆಗಳನ್ನು ತೆಗೆದುಕೊಳ್ಳುತ್ತಿದ್ದದ್ದು ಮನೆಯ ತಾರಸಿಯ ಮೇಲೆ, ಸಿಂಟೆಕ್ಸ್ ಟ್ಯಾಂಕಿನ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು. ಕೆಳಗೆ ಎರಡೇ ಕೋಣೆ. ಒಂದರಲ್ಲಿ ಗಂಡನ ಆಫೀಸು, ಇನ್ನೊಂದರಲ್ಲಿ ಜ್ವರ ಬಂದು ಮಲಗಿದ್ದ ಅತ್ತೆ. "ನಿಧಾನಕ್ಕೆ ಉಸಿರು ತಗೊಳ್ಳಿ, ನಾಲ್ಕು ಎಣಿಸಿ" ಎಂದು ಶುರು ಮಾಡಿದವಳನ್ನು ಆಚೆ ಕಡೆಯ ಹುಡುಗ ಅರ್ಧಕ್ಕೇ ತಡೆದ. "ಮೇಡಂ, ಉಸಿರಾಡಕ್ಕೆ ಆಗ್ತಿಲ್ದೇ ಇರೋದು ನಂಗಲ್ಲ, ನಮ್ಮಪ್ಪಂಗೆ. ಬಿಯು ನಂಬರ್ ಇನ್ನೂ ಬಂದಿಲ್ಲ. ಒಂದು ಬೆಡ್ ಕೊಡಿಸ್ತೀರಾ?" ಕೋವಿಡ್ ರೋಗಿಗೆ ಬೆಡ್ ಸಿಗಲು ಆ ಬಿಯು ನಂಬರ್ ಬೇಕಿತ್ತು. ಅವಳ ಬಳಿ ಇದ್ದದ್ದು ಬೆಡ್ ಹಂಚುವ ವಾರ್ ರೂಮಿನ ನಂಬರು. ಅದು ಹುಡುಗನ ಬಳಿಯೂ ಇತ್ತು. ಬೆಳಗಿನಿಂದ ಅದಕ್ಕೇ ಹೊಡೆಯುತ್ತಿದ್ದನಂತೆ.

ಊರಿಗೆ ಊರೇ ಸಂಕಟಕ್ಕೆ ಸಿಕ್ಕಾಗ ಮನಸ್ಸಿನ ಆರೈಕೆ ಮಾಡುವವರ ಮನಸ್ಸು ಏನಾಗುತ್ತದೆ ಎಂಬ ಮಾತು ಬಂದಾಗಲೆಲ್ಲ ನನಗೆ ಈ ಕರೆ ನೆನಪಾಗುತ್ತದೆ. ಪರರ ದುಃಖ ಕೇಳಿ ಕೇಳಿ ಅವರೂ ಸೋಲುತ್ತಾರೆ ಎಂಬುದು ರೂಢಿಯ ಉತ್ತರ. ಅದು ಸುಳ್ಳಲ್ಲ. ಅಮೆರಿಕದ ಚಾರ್ಲ್ಸ್ ಫಿಗ್ಲಿ 1995ರಲ್ಲಿ ಈ ‘ಕರುಣೆಯ ಬಳಲಿಕೆ’ಯ ಬಗ್ಗೆ ಒಂದು ಪುಸ್ತಕವನ್ನೇ ತಂದರು. ಆದರೆ ನನ್ನ ಗೆಳತಿ ಹನ್ನೆರಡು ವರ್ಷ ದುಃಖ ಕೇಳಿಯೇ ಸಂಬಳ ಎಣಿಸಿದವಳು. ಆ ಸಂಜೆ ಅವಳು ಕತ್ತಲಾದರೂ ಮೆಟ್ಟಿಲಿಳಿದು ಮನೆಗೆ ಬರದೆ ಕೂತಿದ್ದಕ್ಕೆ ಕಾರಣ ಬೇರೆ. ಕೇಳಿದೆ, ಕೇಳಿ ಏನೂ ಮಾಡಲಾಗಲಿಲ್ಲ ಎಂಬುದು. ದುಃಖದ ಭಾರಕ್ಕಿಂತ ಕೈ ಕಟ್ಟಿಹಾಕಿದ ಸ್ಥಿತಿಯೇ ಈ ಕಸುಬಿನವರನ್ನು ಹೆಚ್ಚು ಮುರಿಯುತ್ತದೆ ಎಂದು ನನ್ನ ವಾದ. ಅದು ಸರಿಯಾದರೆ, ಅವರಿಗೆ ಬೇಕಾದ ಗಟ್ಟಿತನವನ್ನು ಅವರ ಎದೆಯೊಳಗೇ ಹುಡುಕುತ್ತ ಕೂರುವುದು ಬೇರೆ ಕಡೆ ಬಿದ್ದ ಉಂಗುರವನ್ನು ದೀಪದಡಿ ಹುಡುಕಿದಂತೆ.

ಈ ದಣಿವಿಗೆ ಹೆಸರಿಟ್ಟವರೇ ಈ ಕಸುಬಿನವರು. ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಹಗಲು ಸ್ವಂತ ಪ್ರಾಕ್ಟೀಸ್ ಮುಗಿಸಿ ರಾತ್ರಿ ಉಚಿತ ಕ್ಲಿನಿಕ್ಕಿನಲ್ಲಿ ಕೂರುತ್ತಿದ್ದರು. ತಾವೂ ಜತೆಯವರೂ ಎಣ್ಣೆ ತೀರಿದ ಹಣತೆಯಂತಾಗುವುದನ್ನು ಕಂಡು 1974ರ ಲೇಖನವೊಂದರಲ್ಲಿ ಅದನ್ನು ‘ಬರ್ನ್‌ಔಟ್’ ಎಂದು ಕರೆದರು. ಒಮ್ಮೆ ತಮ್ಮದೇ ಮಾತನ್ನು ಟೇಪಿಗೆ ಹಾಕಿ, ರೋಗಿಯ ಮಾತು ಕೇಳುವ ಹಾಗೆ ಕೂತು ಕೇಳಿಸಿಕೊಂಡರಂತೆ. ಕೇಳುವವರು ಸಿಗದವನ ಉಪಾಯ ಅದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಪಟ್ಟಿಯ ಹನ್ನೊಂದನೆಯ ಆವೃತ್ತಿಯಲ್ಲಿ ಬರ್ನ್‌ಔಟನ್ನು ಕಾಯಿಲೆ ಎನ್ನದೆ ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದಿತು. ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಬಹುಕಾಲ ಬಿಟ್ಟದ್ದರ ಫಲ ಎಂದು. ಆ ಒಂದು ಸಾಲನ್ನು ಮೇಲಿನವರು ಓದಿದ್ದರೆ ಲಾಕ್‌ಡೌನಿನಲ್ಲಿ ‘ಒತ್ತಡ ನಿರ್ವಹಣೆ’ಯ ಅಷ್ಟೊಂದು ವೆಬಿನಾರುಗಳೂ ಅವುಗಳ ಇ-ಸರ್ಟಿಫಿಕೇಟುಗಳೂ ತಪ್ಪುತ್ತಿದ್ದವು.

ವೆಬಿನಾರುಗಳ ಮುದ್ದಿನ ಪದ ‘ರೆಸಿಲಿಯನ್ಸ್’. ಕನ್ನಡದಲ್ಲಿ ಅದಕ್ಕೆ ಎಲ್ಲರೂ ಒಪ್ಪಿದ ಪದವಿಲ್ಲ. ಚೇತರಿಕೆ, ತಾಳಿಕೆ, ಪುಟಿದೇಳುವ ಗುಣ ಎಂದೆಲ್ಲ ಬರೆಯುತ್ತಾರೆ. ಕೆಲವರು ಭೌತಶಾಸ್ತ್ರದ ಪಠ್ಯದಿಂದ ‘ಸ್ಥಿತಿಸ್ಥಾಪಕತ್ವ’ವನ್ನು ಎತ್ತಿಕೊಂಡು ಬರುತ್ತಾರೆ, ಎಳೆದು ಬಿಟ್ಟರೆ ಮೊದಲಿನಂತಾಗುವ ಸ್ಪ್ರಿಂಗಿನ ಗುಣ. ಅದೇ ಪಾಠದಲ್ಲಿ ಸ್ಥಿತಿಸ್ಥಾಪಕ ಮಿತಿ ಎಂಬ ಮಾತೂ ಇದೆ, ಅದನ್ನು ದಾಟಿ ಎಳೆದರೆ ಸ್ಪ್ರಿಂಗು ಮತ್ತೆ ಮೊದಲಿನಂತಾಗುವುದಿಲ್ಲ. ಪದ ತಂದವರು ಮಿತಿಯನ್ನು ಪುಸ್ತಕದಲ್ಲೇ ಬಿಟ್ಟು ಬಂದಿದ್ದಾರೆ. ನಮ್ಮ ‘ತಾಳಿದವನು ಬಾಳಿಯಾನು’ ಕೂಡ ಎಷ್ಟು ದಿನ ತಾಳಬೇಕು ಎಂದು ಹೇಳುವುದಿಲ್ಲ.

ಮನಸ್ಸಿನ ಆರೈಕೆಯವರು ಕಂಡ ದುರಂತ ಕೋವಿಡ್ಡೇ ಮೊದಲಲ್ಲ. 1984ರ ಭೋಪಾಲ್ ಅನಿಲ ದುರಂತದ ನಂತರ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸಮೂರ್ತಿ ಮೊದಲಾದವರು ಅಲ್ಲಿನ ಸಾಮಾನ್ಯ ವೈದ್ಯರಿಗೆ ಮನಸ್ಸಿನ ಗಾಯ ಗುರುತಿಸುವುದನ್ನು ಕಲಿಸಿದರು. ಲಾತೂರಿನ ಭೂಕಂಪ, ಒಡಿಶಾದ ಚಂಡಮಾರುತ, 2004ರ ಸುನಾಮಿ, 2018ರ ಕೊಡಗಿನ ಭೂಕುಸಿತ ಎಲ್ಲ ಕಡೆಗೂ ಬೆಂಗಳೂರಿನಿಂದ ತಂಡಗಳು ಹೋಗಿವೆ. ಕಷ್ಟದ ಕೆಲಸವೇ. ಆದರೆ ಅಲ್ಲಿಗೆ ಹೋದವರು ದಡದ ಮೇಲೆ ನಿಂತು ಹಗ್ಗ ಎಸೆದವರು, ಕೆಲಸ ಮುಗಿಸಿ ಹೊಳೆಯಿಲ್ಲದ ಊರಿಗೆ ವಾಪಸಾದವರು. ಕೋವಿಡ್ಡಿನಲ್ಲಿ ದಡವೇ ಇರಲಿಲ್ಲ. ಹಗ್ಗ ಎಸೆಯುವವರೂ ಕುತ್ತಿಗೆಮಟ್ಟ ನೀರಿನಲ್ಲೇ ನಿಂತಿದ್ದರು. ಕರೆ ಮಾಡಿದವರ ಭಯವೂ ಕರೆ ತೆಗೆದುಕೊಂಡವರ ಭಯವೂ ಒಂದೇ ಆಗಿತ್ತು.

2020ರ ಮಾರ್ಚ್ ಕೊನೆಯಲ್ಲಿ ನಿಮ್ಹಾನ್ಸ್ ರಾಷ್ಟ್ರೀಯ ಸಹಾಯವಾಣಿ ತೆರೆದಾಗ ಹೊಸ ಬಗೆಯ ಇಕ್ಕಟ್ಟುಗಳೂ ಎದುರಾದವು. ಮದ್ಯದಂಗಡಿಗಳು ರಾತ್ರೋರಾತ್ರಿ ಮುಚ್ಚಿ, ಕುಡಿತ ನಿಂತು ಕೈಕಾಲು ನಡುಗಿ ಭ್ರಮೆಗೆ ಜಾರಿದವರನ್ನು ಮನೆಯವರು ಹಿಡಿದುಕೊಂಡು ಫೋನ್ ಮಾಡುತ್ತಿದ್ದರು. ಕೇರಳದಲ್ಲಂತೂ ಸರ್ಕಾರಿ ವೈದ್ಯರು ಚೀಟಿ ಕೊಟ್ಟರೆ ಮದ್ಯ ಸಿಗುವಂತೆ ಆದೇಶವೇ ಹೊರಟಿತ್ತು. ವೈದ್ಯರು ತಿರುಗಿಬಿದ್ದರು, ಹೈಕೋರ್ಟು ತಡೆ ಕೊಟ್ಟಿತು. ಚಿಕಿತ್ಸೆ ಕಲಿತವರ ಕೈಯಲ್ಲಿ ಚಿಕಿತ್ಸೆಯಲ್ಲದ್ದನ್ನು ಮಾಡಿಸಹೊರಟಾಗ ಹುಟ್ಟುವ ಸಂಕಟ ನಿದ್ದೆಗೆಟ್ಟ ದಣಿವಿಗಿಂತ ಬೇರೆ ಜಾತಿಯದು. ಇನ್ನು 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ಹೋದಾಗ ಸತ್ತವರು 24 ಎಂಬುದು ಮೊದಲ ಲೆಕ್ಕ. ಅಂಥ ಮನೆಗಳವರಿಗೆ ಸಾಂತ್ವನ ಹೇಳುವ ಬಾಯಿಯಿಂದ "ಇದು ವಿಧಿ" ಎಂಬ ಮಾತು ಬರಬಾರದು. "ಇದು ತಪ್ಪು" ಎನ್ನಲು ಸರ್ಕಾರಿ ಹುದ್ದೆ ಬಿಡುವುದಿಲ್ಲ. ಏನು ಹೇಳುವುದು?

ಒಂದು ಆಕ್ಷೇಪ ಏಳುತ್ತದೆ, ನ್ಯಾಯವಾದದ್ದೇ. ಅದೇ ಪಾಳಿ, ಅದೇ ಕರೆಗಳು, ಅದೇ ಸಂಬಳ. ಒಬ್ಬರು ಕುಸಿದರು, ಪಕ್ಕದವರು ನಿಂತರು. ಹಾಗಾದರೆ ಸ್ವಭಾವಕ್ಕೆ, ಅಭ್ಯಾಸಕ್ಕೆ ಬೆಲೆಯಿಲ್ಲವೇ? ಇದೆ. ಗೆಳತಿಯ ತಂಡದಲ್ಲಿ ಹಿರಿಯರೊಬ್ಬರಿದ್ದರು. ಪ್ರತಿ ಕರೆ ಮುಗಿದ ಮೇಲೆ ಎದ್ದು ಹೋಗಿ ಸೋಪು ಹಾಕಿ ಕೈ ತೊಳೆದುಕೊಂಡು ಬರುತ್ತಿದ್ದರಂತೆ. "ಫೋನಿಂದ ವೈರಸ್ ಬರುತ್ತಾ ಸರ್?" ಎಂದು ಹುಡುಗರು ನಕ್ಕರೆ, "ವೈರಸ್ ಅಲ್ಲ ಕಣಯ್ಯಾ, ಹಿಂದಿನ ಕರೆ ತೊಳಕೊಂಡು ಬರ್ತೀನಿ" ಎನ್ನುತ್ತಿದ್ದರು. ಒಳ್ಳೆಯ ಅಭ್ಯಾಸ. ಆದರೆ ಕೈ ತೊಳೆಯಲು ಎರಡು ಕರೆಗಳ ನಡುವೆ ಐದು ನಿಮಿಷ ಬೇಕು. ಎರಡನೇ ಅಲೆಯಲ್ಲಿ ಕರೆಗಳು ಒಂದರ ಬೆನ್ನಿಗೊಂದು ಬರತೊಡಗಿದಾಗ ಆ ಐದು ನಿಮಿಷ ಹೋಯಿತು, ಹಿರಿಯರ ಕೈ ತೊಳೆಯುವುದೂ ನಿಂತಿತು. ಅವರ ಸ್ವಭಾವ ಮೊದಲಿನದೇ, ಬದಲಾದದ್ದು ಪಾಳಿಯ ಪಟ್ಟಿ.

ಪಟ್ಟಿ ಬಿಗಿಯಾಗುವುದು ಆಳು ಕಡಿಮೆ ಇರುವುದರಿಂದ. ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಬಾರದ ದೇಶ ನಮ್ಮದು. ಕರ್ನಾಟಕ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಮಂಗಳವಾರ, ಉಳಿದ ದಿನ ಜನ ಮಂಗಳವಾರಕ್ಕೆ ಕಾಯುತ್ತಾರೆ. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಸಹಾಯವಾಣಿ ಶುರುವಾದ ಮೇಲೆ 14416 ಒತ್ತಿದರೆ ಕೇಳುವವರೇನೋ ಸಿಗುತ್ತಾರೆ. ಸಂಖ್ಯೆ ಒತ್ತುವವರ ಲೆಕ್ಕ ಆಗಾಗ ಪತ್ರಿಕೆಯಲ್ಲಿ ಬರುತ್ತದೆ. ಎತ್ತಿಕೊಂಡವರು ದಿನಕ್ಕೆ ಎಷ್ಟು ಗಂಟೆ ಕೇಳಿದರು, ಅವರ ಮಾತನ್ನು ಯಾರು ಕೇಳಿದರು ಎಂಬ ಲೆಕ್ಕವೂ ಅದೇ ಪತ್ರಿಕಾ ಪ್ರಕಟಣೆಯಲ್ಲಿ ಬರಬೇಕು ಎಂದು ನಾನು ಕೇಳುತ್ತೇನೆ. ಸ್ವಂತಕ್ಕೆ ಸಹಾಯ ಕೇಳುವುದಂತೂ ಇವರಿಗೆ ನಮಗಿಂತ ಕಷ್ಟ. ಕೀಲು ನೋವೆಂದು ಮೂಳೆ ಡಾಕ್ಟರು ಇನ್ನೊಬ್ಬ ಮೂಳೆ ಡಾಕ್ಟರ ಬಳಿ ಹೋದರೆ ಯಾರೂ ನಗುವುದಿಲ್ಲ.

ಗೆಳತಿಯ ತಂಡವನ್ನು ಆ ಬೇಸಿಗೆಯಲ್ಲಿ ನಿಲ್ಲಿಸಿದ್ದು ಒಂದು ಸಣ್ಣ ಏರ್ಪಾಡು. ಗುರುವಾರ ಸಂಜೆ ಐದಕ್ಕೆ ಫೋನುಗಳನ್ನು ಬೇರೆಯವರಿಗೆ ಒಪ್ಪಿಸಿ ಎಂಟು ಜನ ಜೂಮಿನಲ್ಲಿ ಸೇರುತ್ತಿದ್ದರು. ಮೇಲ್ವಿಚಾರಕರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಈ ವಾರ ಯಾವ ಕರೆ ಇನ್ನೂ ಕಿವಿಯಲ್ಲಿದೆ?" ಮೊದಲ ಗುರುವಾರ ಯಾರೂ ಬಾಯಿ ಬಿಡಲಿಲ್ಲ. ಮೂರನೆಯದರಲ್ಲಿ ಅವಳು ಆ ಹುಡುಗನ ವಿಷಯ ಹೇಳಿದಳು. ಬೆಡ್ ಕೇಳುವ ಕರೆಗಳು ಎಲ್ಲರಿಗೂ ಬರುತ್ತಿವೆ ಎಂದು ಆಗ ಗೊತ್ತಾಯಿತು. ವಾರ್ಡಿನ ಸ್ವಯಂಸೇವಕರ ನಂಬರುಗಳ ಪಟ್ಟಿಯೊಂದನ್ನು ಮೇಲ್ವಿಚಾರಕರು ಎರಡು ದಿನದಲ್ಲಿ ತಂದುಕೊಟ್ಟರು. ಎಲ್ಲ ಕರೆಗೂ ಬೆಡ್ ಸಿಗಲಿಲ್ಲ, ಕೆಲವಕ್ಕೆ ಸಿಕ್ಕಿತು.

ಜುಲೈ ಹೊತ್ತಿಗೆ ಅಲೆ ಇಳಿಯಿತು. "ಈಗೇನು ಅಂಥ ಕರೆ ಬರಲ್ವಲ್ಲ" ಎಂದು ಗುರುವಾರದ ಸಭೆಯನ್ನು ತಿಂಗಳಿಗೊಮ್ಮೆ ಮಾಡಿದರು, ಆಮೇಲೆ ಅದೂ ನಿಂತಿತು. ಸ್ವಯಂಸೇವಕರ ಪಟ್ಟಿ ಅವಳ ಫೋನಿನಲ್ಲಿ ಇನ್ನೂ ಇದೆ. ಆ ಹುಡುಗನ ನಂಬರೂ ಇದೆ, ‘ತಂದೆ - ಬೆಡ್’ ಎಂಬ ಹೆಸರಿನಲ್ಲಿ. ಅದಕ್ಕೆ ಅವಳು ಈವರೆಗೆ ಫೋನ್ ಮಾಡಿಲ್ಲ.