ನಿಯಮ ಪಾಲಿಸುವವರ ಜಾತ್ರೆ

ವರ್ಷಕ್ಕೊಮ್ಮೆ ಒಂದೆಡೆ ಸೇರಿ ಎರಡು ಮೂರು ದಿನ ತಮ್ಮ ಕಷ್ಟಸುಖ ಹಂಚಿಕೊಳ್ಳುವ ವೃತ್ತಿಗಳಲ್ಲಿ ವಿಮಾ ಕಂಪನಿಗಳ ಕಂಪ್ಲಯನ್ಸ್ ಅಧಿಕಾರಿಗಳದ್ದೂ ಒಂದು. ಕಂಪನಿ ಕಾನೂನಿನ ಗೆರೆ ದಾಟದಂತೆ ನೋಡಿಕೊಳ್ಳುವುದು ಇವರ ಕೆಲಸ. ಅಮೆರಿಕದಲ್ಲಿ ಇವರದೇ ಒಂದು ಸಂಘವಿದೆ, ಅದರ ವಾರ್ಷಿಕ ಸಮ್ಮೇಳನವೂ ನಡೆಯುತ್ತದೆ. ಅಲ್ಲಿ ಅದರ ಅಗತ್ಯ ಹೆಚ್ಚು. 1945ರ ಮೆಕ್ಯಾರನ್-ಫರ್ಗ್ಯುಸನ್ ಕಾಯಿದೆ ವಿಮೆಯ ಉಸ್ತುವಾರಿಯನ್ನು ರಾಜ್ಯಗಳಿಗೇ ಬಿಟ್ಟಿದ್ದರಿಂದ ಒಂದು ರಾಜ್ಯದ ನಿಯಮ ಪಕ್ಕದ ರಾಜ್ಯದಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಅಷ್ಟು ಗೋಜಲಿಲ್ಲ. 1999ರ ಕಾಯಿದೆಯಿಂದ ಹುಟ್ಟಿ ಹೈದರಾಬಾದಿನಲ್ಲಿ ನೆಲೆಸಿರುವ ವಿಮಾ ನಿಯಂತ್ರಣ ಪ್ರಾಧಿಕಾರ ಹೇಳಿದ್ದೇ ಅಂತಿಮ. ಆದರೂ ಸಮ್ಮೇಳನಗಳಿಗೆ ಬರವಿಲ್ಲ. ಮುಂಬೈಯ ಹೋಟೆಲು, ಎದೆಗೊಂದು ಬ್ಯಾಡ್ಜು, ಪರದೆಯ ಮೇಲೆ ಸ್ಲೈಡು, ಮಧ್ಯಾಹ್ನ ಬಫೆ.

ಇಂಥದೊಂದು ಸಮ್ಮೇಳನವನ್ನು ಮೌಳಂಗಿಯಲ್ಲಿ ನಡೆಸಿದರೆ ಹೇಗೆ? ತಮಾಷೆಗೆ ಕೇಳುತ್ತಿಲ್ಲ. ದಾಂಡೇಲಿಯ ಆಚೆ, ಮೌಳಂಗಿಯ ಸುತ್ತ, ಕಾಳಿ ನದಿಯ ದಂಡೆಯುದ್ದಕ್ಕೂ ಈಗ ರೆಸಾರ್ಟುಗಳ ಸಾಲು. ವಾರಾಂತ್ಯಕ್ಕೆ ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿನ ಕಂಪನಿಗಳು ನೌಕರರನ್ನು ಬಸ್ಸು ತುಂಬಿ ತಂದು ಇಳಿಸುತ್ತವೆ. ಬೆಳಿಗ್ಗೆ ಭಾಷಣ, ಮಧ್ಯಾಹ್ನ ರಾಫ್ಟಿಂಗ್. ಸೂಪಾ ಅಣೆಕಟ್ಟೆಯ ವಿದ್ಯುದಾಗಾರ ನೀರು ಬಿಟ್ಟರೆ ಹೊಳೆಗೆ ರಭಸ, ಇಲ್ಲದಿದ್ದರೆ ಬರೀ ಬಂಡೆ.

ನೀರಿಗಿಳಿಯುವ ಮುನ್ನ ಒಂದು ಹಾಳೆಗೆ ಸಹಿ ಹಾಕಬೇಕು. ಏನಾದರೂ ಆದರೆ ಹೊಣೆ ತನ್ನದೇ ಎಂದು ಪ್ರವಾಸಿ ಬರೆದುಕೊಡುವ ಕಾಗದ ಅದು. ವರ್ಷವಿಡೀ ಇಂಥ ಕಾಗದಗಳ ಅಲ್ಪವಿರಾಮವನ್ನೂ ಬಿಡದೆ ಓದುವವರು ಅಲ್ಲಿ ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿಯುತ್ತಲೇ ಸಹಿ ಗೀಚುತ್ತಾರೆ ಎಂದು ನಾನು ಪಣ ಕಟ್ಟಬಲ್ಲೆ. ತಪ್ಪೆಂದು ಹೇಳುತ್ತಿಲ್ಲ. ಓದಿ ಸಹಿ ಹಾಕುವ ಸ್ಥಿತಿಯಲ್ಲಿ ಮನುಷ್ಯ ಇರುವುದೇ ಅಪರೂಪ. 2022ರ ಏಪ್ರಿಲ್‌ನಲ್ಲಿ ಇದೇ ಹೊಳೆಯಲ್ಲಿ ಗಣೇಶಗುಡಿಯ ಬಳಿ ಮಿತಿಮೀರಿ ಜನ ತುಂಬಿದ್ದ ರಾಫ್ಟೊಂದು ಸೆಳವಿಗೆ ಸಿಕ್ಕು, ಅದರಲ್ಲಿದ್ದವರು ಸ್ವಲ್ಪದರಲ್ಲಿ ಪಾರಾದರು. ಅದರ ಬೆನ್ನಿಗೇ ಜಿಲ್ಲಾಡಳಿತ ಕೆಲಕಾಲ ಜಲಕ್ರೀಡೆಯನ್ನೇ ನಿಲ್ಲಿಸಿತ್ತು. ಕಾಗದ ಕ್ರಮಬದ್ಧವಾಗಿದ್ದ ಮಾತ್ರಕ್ಕೆ ರಾಫ್ಟು ಹಗುರಾಗುವುದಿಲ್ಲವಲ್ಲ.

ಕಾಗದ ಹೇಗೇ ಇರಲಿ, ವಿಮೆಯ ಇಡೀ ಕಟ್ಟಡ ನಿಂತಿರುವುದು ಪರಸ್ಪರ ನಂಬಿಕೆಯ ಮೇಲೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಅದಕ್ಕೆ ಅವು ಕೊಡುವ ಆಧಾರ 1766ರ ಕಾರ್ಟರ್ ಮತ್ತು ಬೋಹ್ಮ್ ಪ್ರಕರಣ. ಸುಮಾತ್ರಾದ ಮಾರ್ಲ್‌ಬರೋ ಕೋಟೆಯ ಗವರ್ನರ್ ಕಾರ್ಟರ್, ಶತ್ರುಗಳು ಕೋಟೆ ಹಿಡಿದರೆ ಹಣ ಬರಲಿ ಎಂದು ಲಂಡನ್ನಿನಲ್ಲಿ ವಿಮೆ ಮಾಡಿಸಿದ್ದ. 1760ರಲ್ಲಿ ಫ್ರೆಂಚರು ಹಿಡಿದೂಬಿಟ್ಟರು. ಕೋಟೆ ದುರ್ಬಲವೆಂಬುದನ್ನು ಈತ ಮುಚ್ಚಿಟ್ಟಿದ್ದ ಎಂದು ವಿಮೆ ಬರೆದುಕೊಟ್ಟ ಬೋಹ್ಮ್ ತಕರಾರು ತೆಗೆದ. ನ್ಯಾಯಮೂರ್ತಿ ಮ್ಯಾನ್ಸ್‌ಫೀಲ್ಡ್ ತಿಳಿದದ್ದನ್ನು ಮುಚ್ಚಿಡಬಾರದೆಂಬ ತತ್ತ್ವವನ್ನು ಸಾರಿದ್ದು ಇದೇ ತೀರ್ಪಿನಲ್ಲಿ. ಆಮೇಲೆ ಎರಡೂವರೆ ಶತಮಾನ ವಿಮಾ ಕಂಪನಿಗಳು ಅದನ್ನು ಕ್ಲೇಮು ತಳ್ಳಿಹಾಕುವ ಆಯುಧ ಮಾಡಿಕೊಂಡವು. ಆದರೆ ಆ ಮೊಕದ್ದಮೆಯಲ್ಲಿ ಗೆದ್ದದ್ದು ವಿಮೆ ಮಾಡಿಸಿದ ಕಾರ್ಟರ್! ವಿಮೆ ಕೊಟ್ಟವನು ತಾನಾಗಿ ತಿಳಿದುಕೊಳ್ಳಬಹುದಾಗಿದ್ದ ಸಂಗತಿಯನ್ನು ವಿಮೆ ಮಾಡಿಸಿದವನು ಹೇಳಲಿಲ್ಲ ಎಂದು ದೂರುವಂತಿಲ್ಲ, ನಂಬಿಕೆಯ ಕಟ್ಟು ಇಬ್ಬರಿಗೂ ಉಂಟು ಎಂಬುದು ಮ್ಯಾನ್ಸ್‌ಫೀಲ್ಡರ ನಿಲುವಾಗಿತ್ತು. ತೀರ್ಪಿನ ಈ ಅರ್ಧವನ್ನು ಸಮ್ಮೇಳನಗಳಲ್ಲಿ ಯಾರೂ ಅಷ್ಟಾಗಿ ನೆನೆಯುವುದಿಲ್ಲ.

ನಮ್ಮ ಕಾನೂನು ನಿಧಾನವಾಗಿಯಾದರೂ ಆ ಅರ್ಧದ ಕಡೆಗೆ ಬಂದಿದೆ. 1938ರ ವಿಮಾ ಕಾಯಿದೆಯ 45ನೇ ಕಲಮಿಗೆ 2015ರಲ್ಲಿ ತಿದ್ದುಪಡಿಯಾಗಿ, ಮೂರು ವರ್ಷ ದಾಟಿದ ಜೀವವಿಮೆಯನ್ನು ವಂಚನೆಯ ನೆಪ ಸೇರಿದಂತೆ ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲವೆಂದಾಯಿತು. ಆಸ್ಪತ್ರೆ ನಗದುರಹಿತ ಚಿಕಿತ್ಸೆಗೆ ಅನುಮತಿ ಕೇಳಿದರೆ ಕಂಪನಿ ಒಂದು ಗಂಟೆಯೊಳಗೆ, ಬಿಡುಗಡೆಯ ಹೊತ್ತಿಗೆ ಮೂರು ಗಂಟೆಯೊಳಗೆ ಉತ್ತರ ಕೊಡಬೇಕೆಂದು 2024ರಲ್ಲಿ ಪ್ರಾಧಿಕಾರ ಆಜ್ಞೆ ಮಾಡಿತು. ಬೆಳೆ ವಿಮೆಯ ಪರಿಹಾರ ತಡಮಾಡಿದರೆ ಕಂಪನಿ ಶೇ. 12ರ ಬಡ್ಡಿ ತೆರಬೇಕೆಂಬ ನಿಯಮ 2018ರಿಂದ ಇದೆ. ಇವನ್ನೆಲ್ಲ ಜಾರಿಯಲ್ಲಿಡುವವರು ಸಮ್ಮೇಳನಕ್ಕೆ ಬರುವ ಆ ಅಧಿಕಾರಿಗಳೇ ಎಂಬುದನ್ನೂ ಒಪ್ಪಬೇಕು.

ಆದರೆ ಮೌಳಂಗಿಯ ರೆಸಾರ್ಟಿನಿಂದ ಹೊರಬಿದ್ದು ಹಳಿಯಾಳದ ದಾರಿ ಹಿಡಿದರೆ, ಯಾವ ಸಮ್ಮೇಳನಕ್ಕೂ ಕರೆ ಬಾರದ ಇನ್ನೊಂದು ಬಗೆಯ ನಿಯಮಪಾಲಕರು ಸಿಗುತ್ತಾರೆ. ಭತ್ತದ ಗದ್ದೆಗೆ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಕಂತು ಕಟ್ಟಿದ ರೈತ ಅವರಲ್ಲೊಬ್ಬ. 2016ರ ಮುಂಗಾರಿನಿಂದ ನಡೆದುಬಂದ ಈ ಯೋಜನೆಯಲ್ಲಿ ಮುಂಗಾರು ಬೆಳೆಗೆ ರೈತನ ಪಾಲು ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಒಂದೂವರೆ. ಉಳಿದದ್ದನ್ನು ಸರ್ಕಾರಗಳು ತುಂಬುತ್ತವೆ. ಹಣದ ಭಾರ ಹಗುರ, ಕಾಗದದ ಭಾರ ಅಷ್ಟು ಹಗುರಲ್ಲ. ಉತಾರ, ಆಧಾರ್, ಬ್ಯಾಂಕ್ ಖಾತೆ ಒಂದಕ್ಕೊಂದು ಹೊಂದಬೇಕು. ವಿಮೆಯಲ್ಲಿ ಬರೆಸಿದ ಬೆಳೆಯೂ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೂ ಒಂದೇ ಆಗಿರಬೇಕು. ಮಳೆ ತಡವಾಯಿತೆಂದು ಭತ್ತ ಬಿಟ್ಟು ಗೋವಿನಜೋಳ ಬಿತ್ತಿದರೋ, ಸಮೀಕ್ಷೆಗೆ ಬಂದ ಹುಡುಗ ಪಕ್ಕದ ಕಬ್ಬಿನ ಫೋಟೊ ತೆಗೆದನೋ, ಅರ್ಜಿ ತಾಳೆಯಾಗದೆ ಬಿದ್ದುಹೋಗುತ್ತದೆ. ಆಕ್ಷೇಪಣೆ ಸಲ್ಲಿಸಲು ಅವಕಾಶವೇನೋ ಇದೆ. ಅದರ ಪ್ರಕಟಣೆ ಪೇಪರಿನ ಒಳಪುಟದಲ್ಲಿ ಬಂದಿರುತ್ತದೆ.

ಕಾಡಂಚಿನ ಗೌಳಿಗರ ಎಮ್ಮೆಯ ಕತೆಯೂ ಬೇರೆಯಲ್ಲ. ಜಾನುವಾರು ವಿಮೆಯ ಮೂಲಮಂತ್ರ ಕಿವಿಯೋಲೆ. ಓಲೆಯಿಲ್ಲದೆ ಪರಿಹಾರವಿಲ್ಲ. ಎಮ್ಮೆ ಸತ್ತರೆ ಪಶುವೈದ್ಯರು ಬಂದು ಶವಪರೀಕ್ಷೆ ಮಾಡಬೇಕು, ನಂಬರು ಕಾಣುವಂತೆ ಫೋಟೊ ಇರಬೇಕು. ಮೋಸ ತಡೆಯಲು ಮಾಡಿದ ಕಟ್ಟುಪಾಡುಗಳಿವು. ಒಂದೇ ಎಮ್ಮೆಯನ್ನು ಎರಡು ಸಲ ಸಾಯಿಸುವ ಜಾಣರೂ ಲೋಕದಲ್ಲಿ ಇದ್ದಾರೆಂಬುದು ನಿಜವೇ. ಆದರೆ ಬಿದಿರುಮೆಳೆಯಲ್ಲಿ ಮೇಯುವ ಎಮ್ಮೆಯ ಕಿವಿಯಲ್ಲಿ ಪ್ಲಾಸ್ಟಿಕ್ ಬಿಲ್ಲೆ ಎಷ್ಟು ದಿನ ನಿಂತೀತು? ಕೊಟ್ಟಿಗೆಯ ಹಸುವಿಗಾಗಿ ಬರೆದ ನಿಯಮವನ್ನು ಕಾಡಿನ ಎಮ್ಮೆಗೆ ತೊಡಿಸಿದಾಗ ನಿಯಮ ಎಲ್ಲೂ ಮುರಿಯುವುದಿಲ್ಲ, ಮುರಿಯುವುದು ಎಮ್ಮೆ ಕಳೆದುಕೊಂಡವನ ಬೆನ್ನು.

ಹಾಗಾದರೆ ವಿಮೆ ಎಂದರೆ ಕಾಗದದ ಪಾಡೇ? ಅಲ್ಲವೆಂದು ತೋರಿಸುವ ಹಳೆಯ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಚಾಮರಾಜ ಒಡೆಯರ ಕಾಲದಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1891ರಲ್ಲಿ ಮೈಸೂರು ಸಂಸ್ಥಾನ ತನ್ನ ನೌಕರರಿಗೆಂದು ಜೀವವಿಮೆ ಆರಂಭಿಸಿತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ, ಎಲ್ಲರ ಬಾಯಲ್ಲಿ ಕೆಜಿಐಡಿ, ಅದರದೇ ಮುಂದುವರಿಕೆ. ಭಾರತೀಯ ಜೀವ ವಿಮಾ ನಿಗಮ ಹುಟ್ಟಿದ್ದು 1956ರಲ್ಲಿ ಎಂಬುದನ್ನು ನೆನೆದರೆ ಇದರ ಹಿರಿತನ ತಿಳಿದೀತು. (1891ರಲ್ಲಿ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಕಾಳಿ ಕಣಿವೆಗೆ ಮೈಸೂರಿನ ಈ ಭಾಗ್ಯ ಇರಲಿಲ್ಲ.) ಕೆಜಿಐಡಿಯ ಜಾಣ್ಮೆ ಇರುವುದು ಕಂತನ್ನು ಸಂಬಳದಲ್ಲೇ ಮುರಿದುಕೊಳ್ಳುವುದರಲ್ಲಿ. ಹೆಸರು, ವಯಸ್ಸು, ಸೇವಾಪುಸ್ತಕ ಎಲ್ಲವೂ ಕಚೇರಿಯಲ್ಲೇ ಇರುತ್ತದೆ. ಕಾಗದ ಕಾಯುವ ಕೆಲಸ ಕಾಗದ ಇಟ್ಟುಕೊಂಡವರ ಪಾಲಿಗೆ ಬಂತು. ಹಳ್ಳಿಯ ವಿಮೆಯಲ್ಲಿ ಆದದ್ದು ಇದರ ತಿರುಗುಮುರುಗು. ಮಾಹಿತಿಯೆಲ್ಲ ಸರ್ಕಾರದ ಕಂಪ್ಯೂಟರಿನಲ್ಲಿ, ಅದನ್ನು ಸರಿಹೊಂದಿಸುವ ಹೊಣೆ ಮಾತ್ರ ರೈತನ ತಲೆಯ ಮೇಲೆ.

ಈ ಹೊಣೆಯನ್ನು ಕೆಳಗಿಳಿಸಲು ಈಗೊಂದು ಸಂದರ್ಭ ತಾನಾಗಿ ಒದಗಿದೆ. ಕಾಡುಪ್ರಾಣಿಗಳಿಂದಾಗುವ ಬೆಳೆಹಾನಿಯನ್ನು ಫಸಲ್ ಬಿಮಾದಡಿ ಸೇರಿಸುವುದಾಗಿ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ಜಾರಿ 2026ರ ಮುಂಗಾರಿನಿಂದ. 2018ರಲ್ಲಿ ಕೈಬಿಟ್ಟಿದ್ದ ಭತ್ತದ ಗದ್ದೆ ಮುಳುಗಡೆಯನ್ನೂ ಮತ್ತೆ ಸೇರಿಸಲಾಗಿದೆ. ಹಳಿಯಾಳ, ಮುಂಡಗೋಡದ ರೈತರಿಗೆ ಇದಕ್ಕಿಂತ ಹತ್ತಿರದ ಸುದ್ದಿ ಬೇರೊಂದಿಲ್ಲ. ಭತ್ತ ತೆನೆಗಟ್ಟುವ ಹೊತ್ತಿಗೆ ದಾಂಡೇಲಿ ಕಾಡಿನ ಆನೆಗಳು ಇಳಿದು ಬರುವುದು, ರಾತ್ರಿಯಿಡೀ ಪಟಾಕಿ ಹೊಡೆದು ಕಾಯುವುದು ಇಲ್ಲಿ ಬೇಸಾಯದ ಒಂದು ಭಾಗವೇ ಆಗಿಹೋಗಿದೆ. ಯಾವ ಪ್ರಾಣಿ, ಯಾವ ಊರು ಎಂಬುದನ್ನು ರಾಜ್ಯ ಸರ್ಕಾರ ಅಧಿಸೂಚಿಸಬೇಕು. ಆಮೇಲೆ ರೈತ ಹಾನಿಯಾದ 72 ಗಂಟೆಗಳೊಳಗೆ ಆ್ಯಪಿನಲ್ಲಿ ಸ್ಥಳಗುರುತು ಸಹಿತ ಫೋಟೊ ಹಾಕಿ ತಿಳಿಸಬೇಕು.

ಮೂರು ದಿನ ಕಚೇರಿಯವರಿಗೆ ಉದಾರವಾಗಿಯೇ ಕಾಣುತ್ತದೆ. ಜೋಯಿಡಾದ ಕಾಡೊಳಗಿನ ಊರುಗಳಲ್ಲಿ ಫೋನಿಗೆ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಆನೆ ತುಳಿದ ಮರುದಿನ ರೈತ ಮೊದಲು ಮಾಡುವುದು ಉಳಿದ ತೆನೆಯನ್ನು ಕೊಯ್ದು ಒಳಗಿಡುವ ಕೆಲಸ. ಅಷ್ಟರಲ್ಲಿ ಅರಣ್ಯ ಇಲಾಖೆಯ ಗಾರ್ಡು ಬಂದು ಪಂಚನಾಮೆ ಮಾಡಿ ಹೋಗಿರುತ್ತಾನೆ, ಏಕೆಂದರೆ ಕಾಡುಪ್ರಾಣಿ ಹಾನಿಗೆ ಇಲಾಖೆಯೂ ಇ-ಪರಿಹಾರ ವ್ಯವಸ್ಥೆಯ ಮೂಲಕ ದಯಾತ್ಮಕ ಧನ ಕೊಡುತ್ತದೆ. ಒಂದೇ ಆನೆಯ ಹೆಜ್ಜೆಗೆ ಎರಡು ಕಡತ, ಎರಡು ಫೋಟೊ, ಎರಡು ಗಡುವು. ಸರ್ಕಾರಿ ನೌಕರನೊಬ್ಬ ಗದ್ದೆಯಲ್ಲಿ ನಿಂತು, ಆನೆ ಬಂದದ್ದು ಹೌದೆಂದು ಸಹಿ ಹಾಕಿದ ಕಾಗದ ಇರುವಾಗ, ರೈತ ಬೇರೆ ಆ್ಯಪಿನಲ್ಲಿ ತಿಳಿಸಲಿಲ್ಲವೆಂದು ಕ್ಲೇಮು ತಳ್ಳಿಹಾಕುವುದು ಮ್ಯಾನ್ಸ್‌ಫೀಲ್ಡರ ಮುಂದೆ ನಿಲ್ಲುತ್ತಿರಲಿಲ್ಲ.

ಮೌಳಂಗಿಯಲ್ಲಿ ಸಮ್ಮೇಳನ ನಡೆಯಲಿ, ಮುಂಬೈಯಲ್ಲೇ ನಡೆಯಲಿ, ಅಲ್ಲಿ ಸೇರುವವರು ಒಂದು ನಿರ್ಣಯ ಮಾಡಲಿ: ಅರಣ್ಯ ಇಲಾಖೆಯ ಪಂಚನಾಮೆಯನ್ನೇ ವಿಮಾ ಕಂಪನಿಗೆ ಕೊಟ್ಟ ಸೂಚನೆಯೆಂದು ಒಪ್ಪಿಕೊಳ್ಳತಕ್ಕದ್ದು, ಗಡುವಿನ ಲೆಕ್ಕ ಶುರುವಾಗುವುದು ಅದು ಕಂಪನಿಗೆ ತಲುಪಿದ ದಿನದಿಂದ, ಮತ್ತು ಆ ಗಡುವು ಕಂಪನಿಯದು.