ಮದ್ದು ತಿನ್ನಿಸಿದವರು ಎಲ್ಲಿ?

ಉದ್ದೀಪನ ಮದ್ದು ತಿಂದು ಆಡುವುದು ಮೋಸ. ಇದರಲ್ಲಿ ನಮಗೆ ಎರಡು ಮಾತಿಲ್ಲ. ಬೆವರು ಸುರಿಸಿ ಓಡಿದವನ ಪದಕವನ್ನು ಸೂಜಿ ಚುಚ್ಚಿಸಿಕೊಂಡು ಓಡಿದವನು ಹೊತ್ತುಕೊಂಡು ಹೋದರೆ ಅದು ಕಳ್ಳತನವೇ ಸರಿ. ಅದಕ್ಕೆ ಕಾಯಿದೆ ಬೇಕು, ಪರೀಕ್ಷೆ ಬೇಕು, ಶಿಕ್ಷೆಯೂ ಬೇಕು. ನಮ್ಮ ತಕರಾರು ಒಂದೇ: ಸಿಕ್ಕಿಬೀಳುವವರು ತಿಂದವರು, ತಿನ್ನಿಸಿದವರು ಎಲ್ಲಿ?

ಇದು ನಮಗೇಕೆ ಎಂದು ಗಿರಣಿಯ ಬಂಧುಗಳು ಕೇಳಬಹುದು. ಯಶವಂತಪುರ, ಹೆಬ್ಬಾಳ, ಯಲಹಂಕ, ಆರ್.ಟಿ. ನಗರಗಳ ಮೈದಾನಗಳಲ್ಲಿ ಬೆಳಗಿನ ಜಾವ ಓಡುವ ಹುಡುಗರನ್ನು ನೋಡಿರಿ. ಅವರಲ್ಲಿ ಎಷ್ಟೋ ಮಂದಿ ನಮ್ಮ ಮನೆಗಳ ಮಕ್ಕಳೇ. ಆಟದ ಕೋಟಾದಲ್ಲಿ ರೈಲ್ವೆಯಲ್ಲೋ ಪೊಲೀಸಿನಲ್ಲೋ ಸೈನ್ಯದಲ್ಲೋ ಒಂದು ಕೆಲಸ ಸಿಕ್ಕೀತೆಂಬ ಆಸೆ ಅವರದು. ಈಗ ರಗ್ಬಿಯೂ ಬಂದಿದೆ. 2025ರಲ್ಲಿ ಮುಂಬಯಿಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗಿನಲ್ಲಿ ಬೆಂಗಳೂರಿನ ಹೆಸರಿನ ತಂಡವೊಂದು ಆಡಿತು. ಮೈಗೆ ಮೈ ಡಿಕ್ಕಿ ಹೊಡೆಯುವ ಆ ಆಟಕ್ಕೆ ತೂಕ ಬೇಕು, ಬಲ ಬೇಕು. ಮೂರು ತಿಂಗಳಲ್ಲಿ ಮೈ ತುಂಬಿಸುತ್ತೇವೆಂದು ಪುಡಿಯ ಡಬ್ಬಿ ಮುಂದಿಡುವವರು ಹಸಿದ ಹುಡುಗನನ್ನೇ ಹುಡುಕಿಕೊಂಡು ಬರುತ್ತಾರೆ.

ಕಾನೂನು ಏನು ಹೇಳುತ್ತದೆ? ವಾಡಾ ಎಂಬ ಜಾಗತಿಕ ಸಂಸ್ಥೆಯ ಸಂಹಿತೆಯೇ ಎಲ್ಲ ಆಟಗಳಿಗೂ ಆಧಾರ. ರಗ್ಬಿಯ ಜಾಗತಿಕ ಸಂಸ್ಥೆಯ 21ನೆಯ ನಿಯಮವೂ ಅದನ್ನೇ ಅನುಸರಿಸುತ್ತದೆ. ಆಟಗಾರನ ದೇಹದಲ್ಲಿ ಏನು ಸಿಕ್ಕರೂ ಹೊಣೆ ಆಟಗಾರನದೇ. ಬೇಕೆಂದು ತಿಂದನೋ, ತಿಳಿಯದೆ ತಿಂದನೋ, ಯಾರಾದರೂ ಬೆರೆಸಿದರೋ, ಇವೆಲ್ಲ ಶಿಕ್ಷೆಯ ಪ್ರಮಾಣಕ್ಕೆ ಸಂಬಂಧಿಸಿದ ಮಾತು. ಅಪರಾಧ ಆಗಲೇ ಸ್ಥಾಪಿತವಾಗಿರುತ್ತದೆ. ಸ್ಟೆರಾಯ್ಡ್ ಸಿಕ್ಕಿದರೆ ಸಾಮಾನ್ಯವಾಗಿ ನಾಲ್ಕು ವರ್ಷ ನಿಷೇಧ. ಇಪ್ಪತ್ತರ ಹುಡುಗನಿಗೆ ನಾಲ್ಕು ವರ್ಷವೆಂದರೆ ಆಟವೂ ಹೋಯಿತು, ಕೆಲಸವೂ ಹೋಯಿತು.

ನಮ್ಮ ನಾಡಿನ ಅಶ್ವಿನಿ ಅಕ್ಕುಂಜಿಯವರ ಪ್ರಕರಣವನ್ನು ನೆನೆಯಿರಿ. ಉಡುಪಿ ಜಿಲ್ಲೆಯ ರೈತ ಮನೆತನದ ಈ ಹೆಣ್ಣುಮಗಳು 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇಯಲ್ಲಿ ಚಿನ್ನ ಗೆದ್ದರು. ಅದೇ ವರ್ಷ ಗ್ವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇನ್ನೆರಡು ಚಿನ್ನ. 2011ರಲ್ಲಿ ಅವರ ಮತ್ತು ಜೊತೆಯ ಓಟಗಾರ್ತಿಯರ ಮಾದರಿಯಲ್ಲಿ ಸ್ಟೆರಾಯ್ಡ್ ಸಿಕ್ಕಿತು. ತರಬೇತುದಾರ ಚೀನಾದಿಂದ ತಂದುಕೊಟ್ಟ ಜಿನ್‌ಸೆಂಗ್ ಮಾತ್ರೆಯಿಂದ ಹೀಗಾಯಿತೆಂದು ಅವರು ಹೇಳಿದರು. ದೇಶದ ಶಿಸ್ತು ಸಮಿತಿ ಒಂದು ವರ್ಷ ನಿಷೇಧಿಸಿತು. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಉಕ್ರೇನಿನ ಆ ತರಬೇತುದಾರನನ್ನು ಕೆಲಸದಿಂದ ತೆಗೆದರು. ಓಟಗಾರ್ತಿಯರಿಗೆ ಎರಡು ವರ್ಷದ ಕಳಂಕ, ಅವನಿಗೆ ಊರಿಗೆ ಟಿಕೇಟು!

ಇನ್ನೊಂದು ಪ್ರಕರಣ. 2019ರಲ್ಲಿ ಕ್ರಿಕೆಟಿಗ ಪೃಥ್ವಿ ಶಾ ಅವರ ಮಾದರಿಯಲ್ಲಿ ಕೆಮ್ಮಿನ ಔಷಧದ ಟರ್ಬುಟಲಿನ್ ಸಿಕ್ಕಿತು. ಜುಲೈ ಕೊನೆಯಲ್ಲಿ ಪ್ರಕಟವಾದ ಎಂಟು ತಿಂಗಳ ನಿಷೇಧವನ್ನು ಮಾರ್ಚ್ 16ರಿಂದಲೇ ಲೆಕ್ಕ ಹಾಕಲಾಯಿತು. ಆ ನಡುವೆ ಅವರು ಐ.ಪಿ.ಎಲ್. ಆಡಿ ಮುಗಿಸಿದ್ದರು. ಮದ್ದು ಬೇರೆ, ಅದಕ್ಕೆ ಶಿಕ್ಷೆ ಕಡಿಮೆ ಎಂಬುದು ನಿಜ. ಆದರೆ ವಿಚಾರಣೆ ನಡೆಸಿದ್ದು ಅವರದೇ ಶ್ರೀಮಂತ ಮಂಡಳಿ. ರಾಷ್ಟ್ರೀಯ ಸಂಸ್ಥೆಯಾದ ನಾಡಾದ ಅಧಿಕಾರಕ್ಕೆ ಆ ಮಂಡಳಿ ಒಪ್ಪಿದ್ದೇ 2019ರ ಆಗಸ್ಟಿನಲ್ಲಿ. ರೈತನ ಮಗಳಿಗೆ ಅಂಥ ಮಂಡಳಿ ಎಲ್ಲಿತ್ತು?

ಗಿರಣಿಯಲ್ಲಿ ಯಂತ್ರಕ್ಕೆ ಕೈ ಸಿಕ್ಕಿದರೆ, ಅದು ಕೆಲಸಗಾರನ ಅಜಾಗರೂಕತೆ ಎಂದು ಧಣಿಗಳು ಹೇಳುತ್ತಿದ್ದ ಕಾಲವೊಂದಿತ್ತು. 1923ರ ಕಾರ್ಮಿಕರ ಪರಿಹಾರ ಕಾಯಿದೆ ಆ ವಾದವನ್ನು ಮುರಿಯಿತು. ತಪ್ಪು ಯಾರದೆಂದು ಸಾಧಿಸದೆಯೇ, ಕೆಲವು ವಿನಾಯಿತಿಗಳನ್ನು ಬಿಟ್ಟು, ಹೊಣೆಯನ್ನು ಮಾಲೀಕನ ಮೇಲೆ ಹೊರಿಸಿತು. ಯಂತ್ರವಿಟ್ಟವನೇ ಹೊಣೆ ಹೊರಬೇಕೆಂಬುದು ಅದರ ನ್ಯಾಯ. ಆಟದ ಮೈದಾನದಲ್ಲಿ ಈ ನ್ಯಾಯ ತಲೆಕೆಳಗಾಗಿ ನಿಂತಿದೆ: ಮೈ ಕೊಟ್ಟವನೇ ಹೊಣೆ!

ತಿನ್ನಿಸಿದವರನ್ನು ಹಿಡಿಯುವ ನಿಯಮವಿಲ್ಲವೆಂದಲ್ಲ. ಮದ್ದು ಕೊಡುವವನಿಗೆ, ಮಾರುವವನಿಗೆ ನಾಲ್ಕು ವರ್ಷದಿಂದ ಆಜೀವ ನಿಷೇಧದವರೆಗೆ ಸಂಹಿತೆಯಲ್ಲಿದೆ. ಅಪ್ರಾಪ್ತ ವಯಸ್ಸಿನವರು ಸಿಕ್ಕಿಬಿದ್ದರೆ, ಅಥವಾ ಒಬ್ಬನೇ ತರಬೇತುದಾರನ ಕೈಕೆಳಗೆ ಒಬ್ಬರಿಗಿಂತ ಹೆಚ್ಚು ಮಂದಿ ಸಿಕ್ಕಿಬಿದ್ದರೆ, ತರಬೇತುದಾರನ ಮೇಲೂ ತನಿಖೆ ತಾನಾಗಿಯೇ ಆಗಬೇಕೆಂದು ಬರೆದಿದೆ. 2022ರಲ್ಲಿ ಪಾರ್ಲಿಮೆಂಟು ಉದ್ದೀಪನ ಮದ್ದು ತಡೆ ಕಾಯಿದೆಯನ್ನೂ ಮಾಡಿತು. ಆದರೂ 2023ರಲ್ಲಿ 5,606 ಮಾದರಿಗಳಲ್ಲಿ 214, 2024ರಲ್ಲಿ 7,113ರಲ್ಲಿ 260 ಮದ್ದಿನವೆಂದು ಬಂದವು. ಹೆಚ್ಚು ಪರೀಕ್ಷೆ ನಡೆಸುವ ದೇಶಗಳಲ್ಲಿ ನಮ್ಮದೇ ಮೇಲಿನ ಪ್ರಮಾಣ. ಇಷ್ಟು ಮಂದಿಗೆ ಮದ್ದು ಆಕಾಶದಿಂದ ಉದುರಿತೇ?

ನಾವು ಕೇಳುವುದು ಇಷ್ಟು. ಆಟಗಾರನಿಗೆ ನೋಟೀಸು ಹೋದ ದಿನವೇ ತರಬೇತುದಾರ, ವೈದ್ಯ, ಮಾರಿದವನ ಮೇಲೆ ತನಿಖೆ ಆರಂಭವಾಗಲಿ. ಸರ್ಕಾರದ ತರಬೇತಿ ಕೇಂದ್ರದಲ್ಲಿ ಕೊಡುವ ಪ್ರತಿಯೊಂದು ಪುಡಿ, ಮಾತ್ರೆಗೆ ಪರೀಕ್ಷೆಯ ಪತ್ರ ಮತ್ತು ಕೊಟ್ಟವನ ರುಜು ಇರಲಿ. ಪ್ರತಿ ಜನವರಿಗೆ ಬರುವ ನಿಷೇಧಿತ ಮದ್ದುಗಳ ಪಟ್ಟಿಯನ್ನು ಕ್ರೀಡಾ ಹಾಸ್ಟೆಲುಗಳಲ್ಲಿ ಕನ್ನಡದಲ್ಲಿ ಓದಿ ತಿಳಿಸಲಿ. ಬಡ ಆಟಗಾರನಿಗೆ ಸರ್ಕಾರದ ಖರ್ಚಿನಲ್ಲಿ ವಕೀಲ ದೊರೆಯಲಿ.

ಅಲ್ಲಿಯವರೆಗೆ ನಮ್ಮ ಮಕ್ಕಳಿಗೆ ನಾವೇ ಹೇಳೋಣ. ವೈದ್ಯರ ಬಳಿ ಹೋದಾಗ ತಾನು ಆಟಗಾರನೆಂದು ಮೊದಲು ಹೇಳಬೇಕು. ಶೀತ, ಕೆಮ್ಮು, ರಕ್ತದೊತ್ತಡದ ಕೆಲವು ಔಷಧಗಳೂ ಪಟ್ಟಿಯಲ್ಲಿವೆ. ಬೇಕೇಬೇಕಾದ ಔಷಧಕ್ಕೆ ಮೊದಲೇ ಅರ್ಜಿ ಹಾಕಿ ಅನುಮತಿ ಪಡೆಯಬಹುದು. ಡಬ್ಬಿ, ಬಿಲ್ಲು ಎಸೆಯಬಾರದು. ಸಿಕ್ಕಿಬಿದ್ದರೆ ಎರಡನೆಯ ಸೀಸೆಯ ಪರೀಕ್ಷೆ ಕೇಳುವುದು ಹಕ್ಕು. ಅಂಗಡಿಯ ಬಂಧುಗಳೂ ಬಿಲ್ಲಿಲ್ಲದ ಡಬ್ಬಿ, ಚೀಟಿಯಿಲ್ಲದ ಸೂಜಿಮದ್ದನ್ನು ಹಲಗೆಯ ಮೇಲೆ ಇಡಬೇಡಿ. ನಾಳೆ ಪೊಲೀಸರು ಬಂದರೆ ಆಮದು ಮಾಡಿದ ದೊಡ್ಡ ಸೇಠನ ಮನೆಗೆ ಹೋಗುವುದಿಲ್ಲ, ನಿಮ್ಮ ಬಾಗಿಲಿಗೇ ಬರುತ್ತಾರೆ.

ಓಡಿದ ಕಾಲಿಗೆ ಕೋಳ, ಓಡಿಸಿದ ಕೈಗೆ ಬಿಡುಗಡೆ: ಇದನ್ನು ನ್ಯಾಯವೆಂದು ನಾವು ಒಪ್ಪಲಾರೆವು.