ಹಳೆಯ ಕೋವಿಗೆ ಹೊಸ ಮದ್ದು ಒಗ್ಗುವುದೆ?

ನಳಿಗೆಯ ಬಾಯಿಂದಲೇ ಮದ್ದು, ಗುಂಡು ತುಂಬುವ ಹಳೆಯ ಮಾದರಿಯ ಕೋವಿಗಳನ್ನು ಅಮೆರಿಕದಲ್ಲಿ ಇಂದಿಗೂ ಹಲವರು ಬಳಸುತ್ತಾರೆ. ಅನೇಕ ರಾಜ್ಯಗಳಲ್ಲಿ ಇವುಗಳಿಗೆಂದೇ ಜಿಂಕೆ ಬೇಟೆಯ ಪ್ರತ್ಯೇಕ ಋತುವಿದೆ. ಕರಿಮದ್ದೇ ಬೇಕೆ, ಬದಲಿ ಮದ್ದು ಸಾಕೆ ಎಂಬುದು ಅವರೊಳಗಿನ ಮುಗಿಯದ ಚರ್ಚೆ. ಬೇಟೆಗಾರರ ಹರಟೆಯಂತೆ ಕಂಡರೂ ಅದರೊಳಗಿರುವುದು ಪ್ರೌಢಶಾಲೆಯ ರಸಾಯನಶಾಸ್ತ್ರ.

ಕರಿಮದ್ದಿನಲ್ಲಿರುವುದು ಪೆಟ್ಲುಪ್ಪು, ಇದ್ದಿಲು, ಗಂಧಕ. ಪೆಟ್ಲುಪ್ಪು ಆಮ್ಲಜನಕ ಒದಗಿಸುತ್ತದೆ, ಇದ್ದಿಲು ಉರಿಯುತ್ತದೆ. ಗಂಧಕವೂ ಉರಿಯುತ್ತದೆ, ನಿಜ. ಆದರೆ ಸುಮಾರು 115 ಡಿಗ್ರಿ ಸೆಲ್ಸಿಯಸ್‌ಗೇ ಕರಗಿ, ಇಡೀ ಮಿಶ್ರಣ ಬೇಗ ಹೊತ್ತಿಕೊಳ್ಳುವಂತೆ ಮಾಡುವುದು ಅದರ ಮುಖ್ಯ ಕೆಲಸ. (ಇದು ಮನೆಯಲ್ಲಿ ಬೆರೆಸಿ ನೋಡುವ ಪ್ರಯೋಗವಲ್ಲವೆಂದು ತಂದೆತಾಯಿಗಳು ಮಕ್ಕಳಿಗೆ ಈಗಲೇ ಹೇಳಿಬಿಡುವುದು ಒಳ್ಳೆಯದು.)

ಒಂದು ಕಿಡಿ ಸಾಕು ಎಂಬ ಕಾರಣಕ್ಕೇ ಅಮೆರಿಕದ ಕಾನೂನು ಕರಿಮದ್ದನ್ನು ಸ್ಫೋಟಕವೆಂದು ಪರಿಗಣಿಸುತ್ತದೆ. ಅದನ್ನು ದಾಸ್ತಾನು ಮಾಡುವ ರಗಳೆಗೆ ಅಂಜಿ ಎಷ್ಟೋ ಸಣ್ಣ ಅಂಗಡಿಯವರು ಮಾರುವುದೇ ಇಲ್ಲ. 1970ರ ದಶಕದಲ್ಲಿ ಡ್ಯಾನ್ ಪಾಲಕ್ ಎಂಬುವರು ಇದಕ್ಕೊಂದು ಬದಲಿ ಕಂಡುಹಿಡಿದರು. ಪೈರೊಡೆಕ್ಸ್ ಎಂಬ ಆ ಮದ್ದು ಹೊತ್ತಿಕೊಳ್ಳಲು ಹೆಚ್ಚು ಶಾಖ ಬೇಕು. ಹಾಗಿದ್ದೂ 1977ರ ಜನವರಿಯಲ್ಲಿ ಅವರ ಕಾರ್ಖಾನೆಗೇ ಬೆಂಕಿ ಬಿದ್ದು ಪಾಲಕ್ ಮತ್ತು ಇತರ ಮೂವರು ಸತ್ತರು. ತಡವಾಗಿ ಹೊತ್ತುವುದೂ ಮದ್ದೇ ತಾನೆ!

ಇನ್ನು ಆಯ್ಕೆಯ ಮಾತು. ಚಕಮಕಿ ಕೋವಿಯಲ್ಲಿ ಕಲ್ಲು ಉಕ್ಕಿಗೆ ತಾಗಿ ಎದ್ದ ಕಿಡಿ ಮೊದಲು ಹೊರಗಿನ ಪುಟ್ಟ ಬಟ್ಟಲಿನ ಮದ್ದನ್ನು ಹೊತ್ತಿಸಬೇಕು. ಆ ಜ್ವಾಲೆ ಸಣ್ಣ ರಂಧ್ರದ ಮೂಲಕ ಒಳಗೆ ಹೋಗಬೇಕು. ಅಷ್ಟು ಬಡಪಾಯಿ ಕಿಡಿಗೆ ಬದಲಿ ಮದ್ದು ಜಗ್ಗುವುದು ಕಷ್ಟ. ಹಾರದೇ ಇರಬಹುದು, ಇಲ್ಲವೆ ಕ್ಷಣ ತಡೆದು ಹಾರಬಹುದು. ಹಾರಲಿಲ್ಲವೆಂದು ಕೋವಿಯನ್ನು ಕೆಳಗಿಳಿಸುವಾಗ ಈಡು ಹೊರಟರೆ ಗತಿಯೇನು? ಆದ್ದರಿಂದ ಚಕಮಕಿಗೆ ಕರಿಮದ್ದೇ ಸರಿ. ನಮ್ಮ ಮಲೆನಾಡಿನವರು ಕೇಪಿನ ಕೋವಿ ಎನ್ನುವ ಬಗೆಯಲ್ಲಿ ಕೇಪಿನ ಜ್ವಾಲೆ ಬಿಸಿಯಾಗಿ, ನೇರವಾಗಿ ಒಳನುಗ್ಗುವುದರಿಂದ ಅಲ್ಲಿ ಬದಲಿ ಮದ್ದೂ ನಡೆಯುತ್ತದೆ.

ಅಳತೆಯಲ್ಲೂ ಒಂದು ತೊಡಕಿದೆ. ಪೈರೊಡೆಕ್ಸ್ ಕರಿಮದ್ದಿಗಿಂತ ಹಗುರ. ಆದುದರಿಂದ ತಕ್ಕಡಿಯಲ್ಲಿ ಸಮತೂಕ ಹಾಕಿದರೆ ಮದ್ದು ಹೆಚ್ಚಾಗಿಬಿಡುತ್ತದೆ. ಅದೇ ಅಳತೆಪಾತ್ರೆಯಲ್ಲಿ ಗಾತ್ರ ನೋಡಿ ಹಾಕಬೇಕು.

ಬದಲಿ ಮದ್ದಾದರೆ ಕೋವಿ ತೊಳೆಯುವ ಶ್ರಮ ತಪ್ಪೀತೆಂದು ಕೆಲವರ ಆಸೆ. ಕರಿಮದ್ದು ಉರಿದಾಗ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಘನರೂಪದಲ್ಲೇ ಉಳಿಯುತ್ತದೆ. ನಳಿಗೆಗೆ ಅಂಟಿದ ಆ ಮಸಿ ತೇವ ಹೀರಿ ತುಕ್ಕು ಹಿಡಿಸುತ್ತದೆ. ಪೈರೊಡೆಕ್ಸ್‌ನಲ್ಲಿರುವ ಪೊಟ್ಯಾಸಿಯಂ ಪರ್ಕ್ಲೋರೇಟ್ ಉರಿದು ಕ್ಲೋರೈಡ್ ಉಳಿಸುತ್ತದೆ. ಅದು ಉಪ್ಪಿನ ಜಾತಿ, ಕಬ್ಬಿಣಕ್ಕೆ ಇನ್ನೂ ಕೆಟ್ಟದ್ದು. ಎರಡಕ್ಕೂ ಬಿಸಿನೀರು, ಬಟ್ಟೆ, ಎಣ್ಣೆ ಅದೇ ದಿನವೇ ಬೇಕು.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ರೂಪಿಸಿದ ಹೊಗೆರಹಿತ ಮದ್ದು ಮಾತ್ರ ಈ ಚರ್ಚೆಗೆ ಸೇರಿದ್ದೇ ಅಲ್ಲ. ಅದರ ಒತ್ತಡಕ್ಕೆ ಇಂಥ ಹಳೆಯ ನಳಿಗೆ ಸೀಳಿಹೋಗುತ್ತದೆ.